ರಾತ್ರಿ ಹನ್ನೊಂದರ ಹಸಿವು

ಮುಂಬಯಿಯ ಹಾಸ್ಟೆಲುಗಳಲ್ಲಿ ರಾತ್ರಿಯೂಟ ಬೇಗ ಮುಗಿದುಹೋಗುತ್ತದೆ. ಏಳೂವರೆಗೆ ಮೆಸ್ಸಿನ ಬಾಗಿಲು ತೆರೆದರೆ ಒಂಬತ್ತೂವರೆಗೆಲ್ಲ ಒಳಗಿನಿಂದ ಪಾತ್ರೆ ತಿಕ್ಕುವ ಸದ್ದು. ಎಂಟು ಗಂಟೆಗೆ ಎರಡು ಚಪಾತಿ, ನೀರಾದ ದಾಲು, ಬಟಾಟೆ ಪಲ್ಯ, ಒಂದು ಸೌಟು ಅನ್ನ ತಿಂದು ಎದ್ದ ಹುಡುಗ ಹಾಸಿಗೆಗೆ ಬೀಳುವುದು ಎರಡು ಗಂಟೆಗೆ. ಪರೀಕ್ಷೆಯ ವಾರವಾದರೆ ಅದೂ ಇಲ್ಲ. ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಐದು ತಾಸು ಅಂತರವಿದ್ದರೆ ಮನೆಯಲ್ಲಿ ಯಾರಾದರೂ ಬಾಳೆಹಣ್ಣನ್ನೋ ಒಂದು ಲೋಟ ಮಜ್ಜಿಗೆಯನ್ನೋ ಕೈಗೆ ಕೊಡುತ್ತಾರೆ. ಇಲ್ಲಿ ಆರು ತಾಸು ಎಚ್ಚರವಿದ್ದು, ತಲೆಗೆ ಕೆಲಸ ಕೊಟ್ಟು, ಏನೂ ತಿನ್ನದೆ ಇರಬೇಕೆಂದು ನಾವು ಬಯಸುತ್ತೇವೆ. ತಿಂದರೆ ಅದನ್ನು ಚಟ ಎನ್ನುತ್ತೇವೆ.

ಧಾರವಾಡದ ತಾಯಿ ರಾತ್ರಿ ಹತ್ತೂವರೆಗೆ ಫೋನು ಮಾಡುತ್ತಾಳೆ. “ಊಟಾ ಆತೇನೋ?” “ಆತವಾ.” “ಹೊರಗಿಂದು ಏನೂ ತಿನಬ್ಯಾಡ ನೋಡು.” “ಇಲ್ಲವಾ.” ಹಾಗೆನ್ನುವಾಗ ಅವನ ಎಡಗೈಯಲ್ಲಿ ವಡಾಪಾವ್ ಇರುತ್ತದೆ. ಇದರಲ್ಲಿ ಇಬ್ಬರ ತಪ್ಪೂ ಇಲ್ಲ. ತಪ್ಪು ಗಡಿಯಾರದ್ದು. ಹಾಸ್ಟೆಲಿನ ಹುಡುಗರ ಆರೋಗ್ಯದ ಬಗ್ಗೆ ಬರುವ ಲೇಖನಗಳೆಲ್ಲ ಅವರ ನಾಲಗೆಯನ್ನು ತಿದ್ದಲು ಹೊರಡುತ್ತವೆ; ನನಗೆ ಅನ್ನಿಸುವುದು, ಮೊದಲು ಒಪ್ಪಿಕೊಳ್ಳಬೇಕಾದದ್ದು ಆ ಹನ್ನೊಂದು ಗಂಟೆಯ ಹಸಿವನ್ನು. ಅದು ಬಾಯಿಚಪಲವಲ್ಲ, ದಿನದ ನಾಲ್ಕನೆಯ ಊಟ. ಊಟವೆಂದು ಒಪ್ಪಿದರೆ ಅದಕ್ಕೆ ಮೊದಲೇ ತಯಾರಿ ಮಾಡಿಕೊಳ್ಳಬಹುದು. ಚಪಲವೆಂದು ಬೈದುಕೊಂಡರೆ ಹಸಿದ ಹೊತ್ತಿಗೆ ಕೈಗೆ ಸಿಕ್ಕಿದ್ದೇ ಗತಿ.

ಮುಂಬಯಿಗೆ ಓದಲು ಬಂದ ಕನ್ನಡದ ಮಕ್ಕಳು ಇವತ್ತಿನವರಲ್ಲ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಡಾಕ್ಟರಿಕೆಗೋ ವಕೀಲಿಗೋ ರೈಲು ಹತ್ತಿದವರು ಇಲ್ಲಿ ಇಳಿಯುತ್ತಿದ್ದರು. ಕರಾವಳಿಯಿಂದ ಬಂದ ಬಡ ಹುಡುಗರದು ಬೇರೆಯೇ ದಾರಿ. ಹಗಲು ಉಡುಪಿ ಹೋಟೆಲಿನಲ್ಲಿ ದುಡಿದು, ಸಂಜೆ ಕೈ ತೊಳೆದುಕೊಂಡು ಕನ್ನಡದ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂರುತ್ತಿದ್ದರು. ಎಷ್ಟೋ ಜನ ಮಲಗುತ್ತಿದ್ದುದು ಹೋಟೆಲಿನ ಒಳಗೇ. ಅವರಿಗೆ ನೂರು ಕಷ್ಟಗಳಿದ್ದವು, ಆದರೆ ರಾತ್ರಿ ಒಲೆ ಸಿಗದ ಕಷ್ಟ ಅಷ್ಟಾಗಿ ಇರಲಿಲ್ಲ. ಮಾಟುಂಗಾ ಸ್ಟೇಷನ್ನಿನ ಎದುರು ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುಮಾಡಿದ್ದು ಯುದ್ಧಕಾಲದ ರೇಷನ್ನಿನ ನಡುವೆ. ಅಂಥ ಬೋರ್ಡಿಂಗುಗಳು ಒಂಟಿ ಗಂಡಸರ ಎರಡು ಹೊತ್ತಿನ ಊಟದ ಚಿಂತೆ ನೀಗಿಸಿದವು. ಎರಡು ಹೊತ್ತಿನದು ಮಾತ್ರ.

ಈಗಿನ ವಿದ್ಯಾರ್ಥಿಗೆ ಒಲೆಯೇ ಇಲ್ಲ. ಮಾಟುಂಗಾದ ವಿಜೆಟಿಐ, ಐಸಿಟಿ, ಪೊವಾಯಿಯ ಐಐಟಿ, ದೇವನಾರದ ಟಿಸ್, ಪರೇಲಿನ ವೈದ್ಯಕೀಯ ಕಾಲೇಜು, ಕಾಲಿನಾದ ವಿಶ್ವವಿದ್ಯಾಲಯ: ಎಲ್ಲಿನ ಹಾಸ್ಟೆಲಾದರೂ ಕೋಣೆಯೊಳಗೆ ಅಡುಗೆ ಮಾಡುವಂತಿಲ್ಲ ಎಂಬುದೇ ಸಾಮಾನ್ಯ ನಿಯಮ. ಹಳೆಯ ವೈರಿಂಗು, ಒಂದೇ ಪ್ಲಗ್ಗಿಗೆ ನಾಲ್ಕು ಜನರ ಲ್ಯಾಪ್‌ಟಾಪು. ನಿಯಮ ತಪ್ಪೆಂದು ಹೇಳಲಾರೆ. ಅಂಧೇರಿ, ಘಾಟ್‌ಕೋಪರ್, ವಿಲೇಪಾರ್ಲೆಯ ಪಿಜಿಗಳಲ್ಲಿ ಮಾಲಕರ ಅಡುಗೆಮನೆಗೆ ಕಾಲಿಡುವಂತಿಲ್ಲ, ಫ್ರಿಜ್ಜಿನಲ್ಲಿ ಒಂದು ಮೂಲೆ ಸಿಕ್ಕರೆ ಪುಣ್ಯ. ಹುಡುಗರು ಸುಮ್ಮನಿರುವವರಲ್ಲ. ಇಸ್ತ್ರಿಪೆಟ್ಟಿಗೆಯನ್ನು ಮಗುಚಿ ಹಿಡಿದು ಬ್ರೆಡ್ಡು ಸುಡುವ ಕಲೆ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದಿದೆ. ಬಟ್ಟೆಯ ನಡುವೆ ಸುತ್ತಿ ಒಳಗೆ ತಂದ ನೀರು ಕಾಯಿಸುವ ಕೆಟಲ್ಲು ವಾರ್ಡನ್ ಬಂದಾಗ ಕಪಾಟು ಸೇರುತ್ತದೆ. ಆ ಕೆಟಲ್ಲಿನಲ್ಲಿ ಬೇಯುವುದು ಏನೆಂದು ಎಲ್ಲರಿಗೂ ಗೊತ್ತು.

ನೂಡಲ್ಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. 2015ರ ಜೂನಿನಲ್ಲಿ ಮ್ಯಾಗಿಯನ್ನು ದೇಶದ ಅಂಗಡಿಗಳಿಂದ ಹಿಂದಕ್ಕೆ ತರಿಸಿದಾಗ ಹಾಸ್ಟೆಲುಗಳಲ್ಲಿ ಸೂತಕದ ಕಳೆ ಇತ್ತು. ಆಗ ಎದ್ದಿದ್ದ ಆರೋಪ ಸೀಸದ ಅಂಶ ಮತ್ತು ಲೇಬಲಿನ ಮೇಲಿನ ಎಂಎಸ್‌ಜಿಯ ಹೇಳಿಕೆಯದು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟು ನಿಷೇಧವನ್ನು ರದ್ದುಮಾಡಿ ಹೊಸದಾಗಿ ಪರೀಕ್ಷೆ ಮಾಡಿಸಲು ಹೇಳಿತು. ಪರೀಕ್ಷೆ ಮುಗಿದು ನವೆಂಬರಿನಲ್ಲಿ ಪೊಟ್ಟಣ ಮರಳಿ ಬಂತು. ಸರಿ, ಸೀಸ ಮಿತಿಯೊಳಗೇ ಇದೆ ಎಂದಾಯಿತು. ಆದರೆ ಯಾವ ಬ್ರ್ಯಾಂಡೇ ಆಗಲಿ, ವಿದ್ಯಾರ್ಥಿಯ ಮಟ್ಟಿಗೆ ಇಂಥ ನೂಡಲ್ಸಿನ ತೊಂದರೆ ಎಂದೂ ಸೀಸದ್ದಾಗಿರಲಿಲ್ಲ. ಅದು ಮೈದಾ, ಬಹುಪಾಲು ಪಾಮ್ ಎಣ್ಣೆಯಲ್ಲಿ ಕರಿದು ಒಣಗಿಸಿದ್ದು. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಸಾಲೆಯ ಪುಡಿಯೂ ಸೇರಿದರೆ ಬಹಳಷ್ಟು ಪೊಟ್ಟಣಗಳಲ್ಲಿ ಅದರ ಮೂರನೆಯ ಒಂದು ಭಾಗ ಒಂದೇ ತಟ್ಟೆಯಲ್ಲಿ ಹೊಟ್ಟೆಗೆ ಇಳಿಯುತ್ತದೆ. ಎಪ್ಪತ್ತು ಗ್ರಾಮಿನ ಪೊಟ್ಟಣ ಸುಮಾರು ಮುನ್ನೂರು ಕ್ಯಾಲರಿ ಕೊಡುತ್ತದೆ, ಪ್ರೋಟೀನು ಆರು ಗ್ರಾಮಿನ ಆಸುಪಾಸು. ನಾರು ಹೆಸರಿಗಷ್ಟೇ. ಹನ್ನೊಂದಕ್ಕೆ ತಿಂದವನು ಒಂದು ಗಂಟೆಗೆ ಇನ್ನೊಂದು ಪೊಟ್ಟಣ ಹರಿಯುವುದು ಅದಕ್ಕೇ.

ವಡಾಪಾವಿನ ಕತೆಯೂ ಇದೇ ಜಾಡಿನದು. 1966ರಲ್ಲಿ ದಾದರ್ ಸ್ಟೇಷನ್ನಿನ ಹೊರಗೆ ಅಶೋಕ ವೈದ್ಯ ಎಂಬವರು ಮೊದಲು ಮಾರಿದರೆಂದು ಹೇಳುತ್ತಾರೆ. ಮಿಲ್ ಕಾರ್ಮಿಕರ ಹೊಟ್ಟೆ ತುಂಬಿಸಿದ ತಿಂಡಿ ಅದು. ಅದನ್ನು ಖಳನಾಯಕನ ಸ್ಥಾನದಲ್ಲಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಮಗ್ಗದ ಮುಂದೆ ಎಂಟು ತಾಸು ನಿಂತವನಿಗೆ ಪಾವಿನ ಪಿಷ್ಟದೊಳಗೆ ಬಟಾಟೆಯ ಪಿಷ್ಟ ಬೇಕಾಗಿತ್ತು. ಕುರ್ಚಿಯಲ್ಲಿ ಕೂತು ಥರ್ಮೊಡೈನಾಮಿಕ್ಸ್ ಓದುವವನಿಗೆ ವಾರಕ್ಕೊಮ್ಮೆ ಸಾಕು. ಬಿಸಿ ಬಿಸಿ ಇರುವಾಗ, ಎಣ್ಣೆ ಕಪ್ಪಾಗದ ಗಾಡಿಯಲ್ಲಿ, ಎರಡರ ಬದಲು ಒಂದು.

ಬೆಂಕಿ ಬೇಡದ, ಫ್ರಿಜ್ಜು ಬೇಡದ, ಹೊಟ್ಟೆಯಲ್ಲಿ ನಾಲ್ಕು ತಾಸು ನಿಲ್ಲುವ, ಹುಡುಗನ ಜೇಬಿಗೆ ಹೊರೆಯಾಗದ ತಿಂಡಿ ಯಾವುದು ಎಂದು ಪೌಷ್ಟಿಕ ತಜ್ಞರನ್ನು ಕೇಳುವ ಮೊದಲು ಯಾವುದಾದರೂ ಲೋಕಲ್ ಸ್ಟೇಷನ್ನಿನ ಪಾದಚಾರಿ ಸೇತುವೆ ಇಳಿಯಬೇಕು. ಅಲ್ಲಿ ಬಿದಿರಿನ ಅಗಲ ಬುಟ್ಟಿ ಇಟ್ಟುಕೊಂಡು ಚನಾ-ಸಿಂಗ್ ಮಾರುವವ ಕೂತಿರುತ್ತಾನೆ. ಬುಟ್ಟಿಯಲ್ಲಿ ಮೂರು ನಾಲ್ಕು ಪಾಲು: ಸಿಪ್ಪೆಸಹಿತದ ಹುರಿದ ಕಡಲೆ, ಉಪ್ಪು ಹಚ್ಚಿದ ಶೇಂಗಾ, ಹಳದಿ ಪುಟಾಣಿ, ಒಂದಿಷ್ಟು ಕುರ್ಮುರೆ, ಅಂದರೆ ಮಂಡಕ್ಕಿ. ಶೇಂಗಾದ ರಾಶಿಯ ನೆತ್ತಿಯಲ್ಲಿ ಪುಟ್ಟ ಮಣ್ಣಿನ ಕುಡಿಕೆ, ಅದರೊಳಗೆ ಕೆಂಡ. ಹೊಗೆಯ ವಾಸನೆ ಕಾಳಿಗೆ ಹತ್ತಿಕೊಂಡು, ಕಾಳು ಬೆಚ್ಚಗೆ ಉಳಿದಿರುತ್ತದೆ. ಅವನು ಕಾಗದವನ್ನು ಎರಡು ಬೆರಳಿನ ಸುತ್ತ ತಿರುಗಿಸಿ ಪೊಟ್ಟಣ ಮಾಡುವ ವೇಗ ನೋಡಬೇಕು. ಆ ಪತ್ರಿಕೆಯ ಕಾಗದವೊಂದೇ ಅಲ್ಲಿ ತಪ್ಪು ವಸ್ತು. ಮುದ್ರಣದ ಶಾಯಿ ಆಹಾರಕ್ಕೆ ಹತ್ತುತ್ತದೆ, ಆದ್ದರಿಂದ ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲೂ ಹೇಳಿದೆ. ಬ್ಯಾಗಿನಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡು ಹೋದರೆ ಅವನು ಅದಕ್ಕೇ ಸುರಿದುಕೊಡುತ್ತಾನೆ, ಸ್ವಲ್ಪ ಜಾಸ್ತಿಯೇ ಹಾಕುತ್ತಾನೆ. ಪತ್ರಿಕೆಗೆ ಬರೆಯುವವನೇ ಇದನ್ನು ಹೇಳುತ್ತಿದ್ದಾನೆ ಎಂಬುದನ್ನೂ ಗಮನಿಸಿ.

ಆ ಬುಟ್ಟಿಯ ಲೆಕ್ಕ ಹೀಗಿದೆ. ನೂರು ಗ್ರಾಮ್ ಶೇಂಗಾದಲ್ಲಿ ಸುಮಾರು ಇಪ್ಪತ್ತೈದು ಗ್ರಾಮ್ ಪ್ರೋಟೀನು, ಹುರಿಗಡಲೆಯಲ್ಲಿ ಇಪ್ಪತ್ತರ ಮೇಲೆ, ಕುರ್ಮುರೆಯಲ್ಲಿ ಏಳು. ಒಂದು ದೊಡ್ಡ ಬಟ್ಟಲಿಗೆ ಮೂವತ್ತು ಗ್ರಾಮ್ ಕುರ್ಮುರೆ, ಮೂವತ್ತು ಗ್ರಾಮ್ ಹುರಿಗಡಲೆ, ಇಪ್ಪತ್ತು ಗ್ರಾಮ್ ಶೇಂಗಾ ಸುರಿದರೆ ಕ್ಯಾಲರಿ ನೂಡಲ್ಸಿನಷ್ಟೇ, ಮುನ್ನೂರ ಇಪ್ಪತ್ತು ಮೂವತ್ತು. ಪ್ರೋಟೀನು ಹದಿಮೂರು ಗ್ರಾಮ್, ಅಂದರೆ ಎರಡು ಪಟ್ಟಿಗಿಂತ ಹೆಚ್ಚು. ಅರವತ್ತು ಕಿಲೋ ತೂಗುವ ಹುಡುಗನಿಗೆ ಐಸಿಎಂಆರ್ ಲೆಕ್ಕದಲ್ಲಿ, ಕಿಲೋಗೆ 0.83 ಗ್ರಾಮಿನಂತೆ, ದಿನಕ್ಕೆ ಐವತ್ತು ಗ್ರಾಮ್ ಪ್ರೋಟೀನು ಬೇಕು. ಅದರ ಕಾಲು ಭಾಗ ಈ ಬಟ್ಟಲಿನಲ್ಲೇ ಸಿಕ್ಕಿತು. ಅಕ್ಕಿಯ ಪ್ರೋಟೀನಿಗೆ ಲೈಸಿನ್ ಎಂಬ ಅಮೈನೋ ಆಮ್ಲದ ಕೊರತೆ, ಕಡಲೆಯಲ್ಲಿ ಅದು ಧಾರಾಳ. ಕಡಲೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಅಕ್ಕಿಯಲ್ಲಿದೆ. ಮಂಡಕ್ಕಿಗೆ ಪುಟಾಣಿ ಸೇರಿಸಿದ ನಮ್ಮ ಅಜ್ಜಿಯರಿಗೆ ಇದರ ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಇದಕ್ಕೆ ಈರುಳ್ಳಿ, ಟೊಮೇಟೊ ಹೆಚ್ಚಿ ಹಾಕಿ ನಿಂಬೆ ಹಿಂಡಿದರೆ ಮುಂಬಯಿಯ ಸೂಕಾ ಭೇಲಿಗೆ ಹತ್ತಿರವಾಯಿತು. ಗಾಡಿಯಲ್ಲಿ ತಿನ್ನುವುದಿದ್ದರೂ ಭೇಲ್ ಕೆಟ್ಟದ್ದಲ್ಲ. ಸೇವ್ ಮತ್ತು ಪುರಿ ಕರಿದದ್ದು, “ಭಯ್ಯಾ, ಸೇವ್ ಕಮ್, ಚನಾ ಜ್ಯಾದಾ” ಅಂದರೆ ಅವನು ತಲೆ ಎತ್ತಿ ನೋಡದೆಯೇ ಹಾಗೇ ಕಲಸಿಕೊಡುತ್ತಾನೆ.

ಇನ್ನೊಂದು ದಾರಿ ಊರಿನಿಂದಲೇ ಬರುತ್ತದೆ. ಹುಬ್ಬಳ್ಳಿಯ ಸ್ಲೀಪರ್ ಬಸ್ಸಿನಲ್ಲೋ, ಮಂಗಳೂರಿಂದ ಮತ್ಸ್ಯಗಂಧಾ ರೈಲಿನಲ್ಲೋ ಪರಿಚಯದವರ ಕೈಯಲ್ಲಿ ಬರುವ ಗಂಟು. ಅಮ್ಮಂದಿರು ಪ್ರೀತಿಯಿಂದ ತುಂಬುವುದು ಚಕ್ಕುಲಿ, ಬಾಳೆಕಾಯಿ ಚಿಪ್ಸು, ಬೇಸನ್ ಲಾಡು, ಮೈಸೂರುಪಾಕು. ಬಂದ ರಾತ್ರಿಯೇ ಇಡೀ ಮಹಡಿಯ ಹುಡುಗರು ಸೇರಿ ಮುಗಿಸುತ್ತಾರೆ. ಅದರಿಂದ ಸ್ನೇಹ ಬೆಳೆಯುತ್ತದೆ, ಹಾಗಾಗಿ ಒಂದು ಡಬ್ಬಿ ಅದಕ್ಕೆ ಇರಲಿ. ಉಳಿದ ಜಾಗಕ್ಕೆ ನನ್ನ ಪಟ್ಟಿ ಬೇರೆ. ಕಟಿ ರೊಟ್ಟಿ, ಸಜ್ಜೆಯದಾದರೆ ಇನ್ನೂ ಒಳ್ಳೆಯದು, ತಿಂಗಳುಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಗುರೆಳ್ಳಿನ ಪುಡಿ. ಕೆಳಗಿನ ಡೇರಿಯಿಂದ ಒಂದು ಬಟ್ಟಲು ಮೊಸರು ತಂದು ಈ ಪುಡಿ ಕಲಸಿ ರೊಟ್ಟಿ ಮುರಿದು ತಿಂದರೆ ಅದು ಉಪಾಹಾರವಲ್ಲ, ಊಟವೇ. ಹಳೇ ಮೈಸೂರಿನ ಕಡೆಯವರಾದರೆ ರಾಗಿ ಹುರಿಹಿಟ್ಟು ಕಳಿಸಲಿ. ರಾಗಿಯನ್ನು ಅರಳಿಸಿ ಬೀಸಿದ ಈ ಹಿಟ್ಟಿಗೆ ಮತ್ತೆ ಬೆಂಕಿ ಬೇಡ, ತಣ್ಣನೆ ಹಾಲಿಗೂ ಮಜ್ಜಿಗೆಗೂ ಬೆರೆಯುತ್ತದೆ. ನೂರು ಗ್ರಾಮ್ ರಾಗಿಯಲ್ಲಿ ಮುನ್ನೂರೈವತ್ತು ಮಿಲಿಗ್ರಾಮಿನಷ್ಟು ಸುಣ್ಣದಂಶವಿದೆ. ಅಕ್ಕಿ, ಗೋಧಿ ಹತ್ತಿರಕ್ಕೂ ಸುಳಿಯಲಾರವು. ಮಾಟುಂಗಾ ಮಾರುಕಟ್ಟೆಯಲ್ಲಿ ರಾಗಿ ಸಿಗುತ್ತದೆ, ಬೇರೆ ಕಡೆ ನಾಚ್ನಿ ಎಂದು ಕೇಳಿ.

ಆದರೆ ಹಾಸ್ಟೆಲಿಗೆಂದೇ ಯಾರೋ ಕಂಡುಹಿಡಿದಂತಿರುವ ತಿಂಡಿ ಧಾರವಾಡದ ಹಚ್ಚಿದ ಅವಲಕ್ಕಿ. ಅದನ್ನು ಮಾಡುವ ಬಗೆ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಒಲೆ ಇಲ್ಲದವನಿಗೆ ಕೈಯೇ ಒಲೆ. ಪೇಪರ್ ಅವಲಕ್ಕಿ, ಅಂದರೆ ಬೆಳಕಿಗೆ ಹಿಡಿದರೆ ಆಚೆಬದಿ ಕಾಣುವಷ್ಟು ತೆಳುವಾದದ್ದು, ಎರಡು ದೊಡ್ಡ ಹಿಡಿ. ಅಗಲ ಡಬ್ಬಿಯಲ್ಲಿ ಹಾಕಿ. ಒಂದು ಚಮಚ ಶೇಂಗಾ ಎಣ್ಣೆ, ಹಸಿಯದೇ, ಅಂಗೈಗೆ ಸುರಿದುಕೊಂಡು ಅವಲಕ್ಕಿಗೆ ಹಚ್ಚಬೇಕು. ಕಲಸುವುದಲ್ಲ, ಪ್ರತಿ ಪದರಕ್ಕೂ ಸವರಿದ ಹಾಗೆ. ಆಮೇಲೆ ಮೆಂತ್ಯದ ಹಿಟ್ಟು ಒಂದು ಚಮಚ. ಇಲ್ಲಿ ಮರಾಠಿಯವರ ಅಂಗಡಿಯಲ್ಲಿ ಮೇತ್ಕೂಟ್ ಅಂದರೆ ಕೊಡುವುದು ಇದರ ಅಣ್ಣನನ್ನೇ, ಬೇಳೆಕಾಳು ಹುರಿದು ಬೀಸಿದ ಪುಡಿ. ಖಾರದ ಪುಡಿ, ಚಿಟಿಕೆ ಸಕ್ಕರೆ. ಉಪ್ಪು ಸ್ವಲ್ಪವೇ, ಚಟ್ನಿಪುಡಿ ಹಾಕುವುದಾದರೆ ಅದರಲ್ಲೂ ಉಪ್ಪಿರುತ್ತದೆ. ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ ಡಬ್ಬಿಯ ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಡಿ. ಈರುಳ್ಳಿಯ ನೀರು ಅವಲಕ್ಕಿಗೆ ಇಳಿದು ಅರ್ಧ ಮೆತ್ತಗಾಗಿ ಅರ್ಧ ಗರಿಗರಿ ಉಳಿಯುತ್ತದೆ. ಆ ಹೊತ್ತಿಗೆ ಹಿಡಿ ಪುಟಾಣಿ, ಹಿಡಿ ಶೇಂಗಾ, ಅರ್ಧ ನಿಂಬೆ. ತೆಂಗಿನಕಾಯಿ ತುರಿ ಸಿಕ್ಕರೆ ಹಬ್ಬ, ಹಾಸ್ಟೆಲಿನಲ್ಲಿ ಸಿಗುವುದಿಲ್ಲ. ಉಡುಪಿಯ ಹುಡುಗರು ಪಕ್ಕದಲ್ಲಿ ಕೂತು ನಮ್ಮ ಬಜಿಲ್ ಇದಕ್ಕಿಂತ ಮೇಲು ಎನ್ನುತ್ತಾರೆ. ಕಾಯಿ, ಬೆಲ್ಲ ಹಾಕುವ ಅವರ ಬಗೆಯೂ ಬೆಂಕಿ ಕೇಳುವುದಿಲ್ಲ, ಆದ್ದರಿಂದ ಆ ವಾದದಲ್ಲಿ ನಾನು ತಲೆಹಾಕುವುದಿಲ್ಲ.

ನಿಂಬೆಯ ಮಾತು ಎರಡು ಸಲ ಬಂತು. ರುಚಿಗೆ ಮಾತ್ರವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹುಡುಗಿಯರ ಹಾಸ್ಟೆಲಿನಲ್ಲಿ ಮೆಟ್ಟಿಲು ಹತ್ತಿ ಏದುಸಿರು ಬಿಡುವುದನ್ನು ಎಲ್ಲರೂ ನಿದ್ದೆಗೇಡಿನ ಲೆಕ್ಕಕ್ಕೆ ಹಾಕುತ್ತಾರೆ. ಕಾಳು, ಎಳ್ಳು, ರಾಜಗಿರದಲ್ಲಿರುವ ಕಬ್ಬಿಣದಂಶ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಜೊತೆಗೆ ನಿಂಬೆ, ಪೇರಲೆ, ನೆಲ್ಲಿಕಾಯಿಯಂಥ ಸಿ ಜೀವಸತ್ವ ಇದ್ದರೆ ಹೆಚ್ಚು ಹತ್ತುತ್ತದೆ. ಚಹಾದ ಒಗರು ಇದಕ್ಕೆ ಉಲ್ಟಾ, ಅದು ಕಬ್ಬಿಣವನ್ನು ಹಿಡಿದುಕೊಂಡು ಬಿಡುತ್ತದೆ. ಆದ್ದರಿಂದ ಚನಾ ತಿನ್ನುತ್ತಾ ಕಟಿಂಗ್ ಚಹಾ ಕುಡಿಯುವ ಮುಂಬಯಿಯ ಅಭ್ಯಾಸದಲ್ಲಿ ಒಂದು ತಾಸಿನ ಅಂತರ ತರುವುದು ಒಳ್ಳೆಯದು. ಚಹಾ ಬಿಡಿ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಲೋಣಾವಳೆಯ ಹೆಸರಿನಲ್ಲಿ ಲೋಕಲ್ ಗಾಡಿಗಳಲ್ಲೂ ಮಾರುವ ರಾಜಗಿರ ಚಿಕ್ಕಿ, ಎಳ್ಳಿನ ಚಿಕ್ಕಿಗಳು ಚಾಕೊಲೇಟಿಗಿಂತ ಮೇಲು. ಬೆಲ್ಲದ ಪಾಲು ದೊಡ್ಡದೆಂಬುದನ್ನು ಮರೆಯದೆ ಒಂದು ತುಂಡಿಗೆ ನಿಲ್ಲಿಸಿದರೆ ಸರಿ.

ಹಣ್ಣು ಎಂದರೆ ಬಾಳೆಹಣ್ಣು. ಇದರಲ್ಲಿ ನನಗೆ ಸಂಶಯವಿಲ್ಲ. ಸ್ಟೇಷನ್ನಿನ ಹೊರಗೆ ರಾತ್ರಿ ಹತ್ತಕ್ಕೂ ಗಾಡಿ ಇರುತ್ತದೆ, ತೊಳೆಯಬೇಕಿಲ್ಲ, ಚಾಕು ಬೇಡ, ತನ್ನ ಹೊದಿಕೆ ತಾನೇ ತರುತ್ತದೆ. ವಸಾಯಿ ಕಡೆ ಬಾಳೆಹಣ್ಣನ್ನು ಬಿಸಿಲಿಗೆ ಒಣಗಿಸಿ ಮಾಡುವ ಸುಕೇಳಿ ಎಂಬುದೊಂದಿದೆ. ಹುಡುಕಿ ತರುವಷ್ಟು ಸಂಯಮವಿದ್ದರೆ ತಿಂಗಳು ಬರುತ್ತದೆ. ಚಳಿಗಾಲಕ್ಕೆ ಡಹಾಣು-ಘೋಲ್ವಡದ ಚಿಕ್ಕು, ಪೇರಲೆ, ಬೋರೆ. ಕತ್ತರಿಸಿಟ್ಟ ಹಣ್ಣಿನ ತಟ್ಟೆ ಮಾತ್ರ ಬೇಡ, ಅದರಲ್ಲೂ ಜೂನ್ ದಾಟಿದ ಮೇಲೆ.

ಮುಂಬಯಿಯ ಮಳೆಗಾಲ ತಿಂಡಿಯ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಒಗೆದ ಬಟ್ಟೆ ಮೂರು ದಿನಕ್ಕೂ ಒಣಗದ ಊರಿನಲ್ಲಿ ಕುರ್ಮುರೆ ಒಂದು ಸಂಜೆಗೆ ಮೆತ್ತಗಾಗುತ್ತದೆ. ಕುರ್ಮುರೆ ಮೆತ್ತಗಾದರೆ ರುಚಿ ಹೋಯಿತು, ಅಷ್ಟೆ. ಶೇಂಗಾಕ್ಕೆ ತೇವ ಹತ್ತಿದರೆ ಬೂಷ್ಟು ಬೆಳೆಯುತ್ತದೆ. ಅದರಲ್ಲಿ ಆಸ್ಪರ್ಜಿಲಸ್ ಎಂಬ ಜಾತಿಯದು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಯಕೃತ್ತಿಗೆ ಕೆಡುಕು, ಹುರಿದರೂ ಪೂರ್ತಿ ಹೋಗುವುದಿಲ್ಲ. ಬಣ್ಣಗೆಟ್ಟ, ಮುದುರಿದ, ಕಹಿಯಾದ ಕಾಳು ಬಾಯಿಗೆ ಸಿಕ್ಕರೆ ಉಗುಳಬೇಕು, ನಾಚಿಕೆಯಿಂದ ನುಂಗಬಾರದು. ಮಳೆಗಾಲದಲ್ಲಿ ಕಿಲೋಗಟ್ಟಲೆ ಕೊಂಡು ಉಳಿತಾಯ ಮಾಡುವ ಲೆಕ್ಕ ಬೇಡ. ಕಾಲು ಕಿಲೋ ತಂದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ವಾರದೊಳಗೆ ಮುಗಿಸುವುದು ಸರಿ. ಪ್ಲಾಸ್ಟಿಕ್ ಚೀಲವನ್ನು ಇರುವೆ ಬಿಟ್ಟರೂ ಈ ಊರಿನ ಇಲಿ ಬಿಡುವುದಿಲ್ಲ.

ಇದೇ ತಿಂಗಳುಗಳಲ್ಲಿ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ವಾಂತಿಭೇದಿ, ಕಾಮಾಲೆಯವರ ಸಾಲು ಬೆಳೆಯುತ್ತದೆ. ಗಾಡಿಯ ಹಸಿರು ಚಟ್ನಿ, ಪಾನಿಪುರಿಯ ನೀರು, ಐಸು ಹಾಕಿದ ಕಬ್ಬಿನ ಹಾಲು: ಮೂರರಲ್ಲೂ ತೊಂದರೆ ನೀರಿನದೇ. ಬಿಸಿ ಎಣ್ಣೆಯಿಂದ ಎದ್ದ ವಡೆಗಿಂತ ಅದರ ಜೊತೆಯ ಚಟ್ನಿ ಆಗ ಹೆಚ್ಚು ಅಪಾಯ. ಮೊಳಕೆ ಕಾಳಿನ ಬಗ್ಗೆಯೂ ಇದೇ ಎಚ್ಚರ. ಮುಂಬಯಿಯ ತರಕಾರಿ ಅಂಗಡಿಗಳಲ್ಲಿ ಮೊಳಕೆ ಬಂದ ಹೆಸರು, ಮಡಕೆ, ಅವರೆ ತೂಕಕ್ಕೆ ಸಿಗುತ್ತದೆ. ಬೇರೆ ಊರುಗಳಲ್ಲಿ ಸುಲಭಕ್ಕೆ ಸಿಗದ ಭಾಗ್ಯ ಇದು. ಆದರೆ ಮೊಳಕೆಗೆ ಬೇಕಾದ ಬೆಚ್ಚನೆಯ ತೇವವೇ ರೋಗಾಣುವಿಗೂ ಬೇಕು. ಹಸಿಯಾಗಿ ತಿನ್ನುವುದೇ ಆರೋಗ್ಯ ಎಂದು ಜಿಮ್ಮಿನವರು ಹೇಳಿದರೂ ಕುದಿನೀರು ಸುರಿದು ಐದು ನಿಮಿಷ ಮುಚ್ಚಿಟ್ಟು, ನೀರು ಬಸಿದು ತಿನ್ನಿ. ಕೆಟಲ್ಲಿಗೆ ಅನುಮತಿ ಇರುವ ಹಾಸ್ಟೆಲಾದರೆ ನೂಡಲ್ಸಿಗಿಂತ ಇದಕ್ಕೇ ಅದನ್ನು ಮೀಸಲಿಡಬಹುದು.

ಮೊಟ್ಟೆ ತಿನ್ನುವವರಿಗೆ ದಾರಿ ಸುಲಭ. ಒಂದು ಮೊಟ್ಟೆಯಲ್ಲಿ ಆರು ಗ್ರಾಮ್ ಪ್ರೋಟೀನು, ಬೆಲೆ ಒಂದು ಕಟಿಂಗಿನ ಆಚೀಚೆ. ರಾತ್ರಿಯ ಭುರ್ಜಿ ಗಾಡಿಯಲ್ಲಿ “ತೇಲ್ ಕಮ್” ಎಂದು ಹೇಳಿ, ನಾಲ್ಕರ ಬದಲು ಎರಡು ಪಾವ್ ತೆಗೆದುಕೊಂಡರೆ ಹನ್ನೊಂದರ ಊಟ ಮುಗಿಯಿತು. ಪಿಜಿಯಲ್ಲಿ ಇರುವವರು ಮಾತ್ರ ಮೊದಲೇ ಕೇಳಿಕೊಳ್ಳಬೇಕು. ಈ ನಗರದ ಎಷ್ಟೋ ಕಟ್ಟಡಗಳಲ್ಲಿ ಮೊಟ್ಟೆಯ ಸಿಪ್ಪೆ ಕಸದ ಬುಟ್ಟಿಯಲ್ಲಿ ಕಂಡರೆ ಮರುದಿನ ಮನೆ ಖಾಲಿ ಮಾಡಬೇಕಾಗುತ್ತದೆ. ಅಂಥ ಕಡೆ ಗುಜರಾತಿ ಅಂಗಡಿಯ ಗೋಧಿ ಖಾಕ್ರಾ, ಮೊಸರು, ಹುರಿಗಡಲೆ ನೆರವಿಗೆ ಬರುತ್ತವೆ.

ಆರೋಗ್ಯದ ಹೆಸರು ಹೊತ್ತು ಬರುವ ಪೊಟ್ಟಣಗಳ ವಿಷಯಕ್ಕೆ ಬಂದರೆ ನನ್ನ ತಾಳ್ಮೆ ಕಡಿಮೆ. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮುಂಬದಿಯಲ್ಲಿ ಓಟ್ಸಿನ ತೆನೆ, ಬಹುಧಾನ್ಯದ ಚಿತ್ರ. ಹಿಂಬದಿಯ ಮೊದಲ ಪದ ಮೈದಾ, ಎರಡನೆಯದೋ ಮೂರನೆಯದೋ ಸಕ್ಕರೆ. ವಿಲೇಪಾರ್ಲೆಯ ಹೆಸರನ್ನೇ ಹೊತ್ತ, ಎಲ್ಲರ ಬಾಲ್ಯದ ಗ್ಲೂಕೋಸ್ ಬಿಸ್ಕತ್ತಿನಲ್ಲೂ ಕಾಲು ಭಾಗ ಸಕ್ಕರೆಯೇ. ಆದರೆ ಅದು ಯಾವತ್ತೂ ತಾನು ಔಷಧಿ ಎಂದು ಹೇಳಿಕೊಂಡಿಲ್ಲ, ಬೆಲೆಯೂ ಐದು ಹತ್ತು ರೂಪಾಯಿ. ಪ್ರೋಟೀನ್ ಬಾರ್ ಎಂಬ ಚಾಕೊಲೇಟ್ ತುಂಡಿಗೆ ಕೊಡುವ ದುಡ್ಡಿನಲ್ಲಿ ಅರ್ಧ ಕಿಲೋ ಹುರಿಗಡಲೆ ಬರುತ್ತದೆ. ಸ್ನಾಯು ಬೆಳೆಸಲು ಪ್ರೋಟೀನ್ ಪುಡಿಗಳ ಹಿಂದೆ ಹೋಗಬೇಡಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಬಿಡಿಸಿಯೇ ಹೇಳಿದೆ. ಹಾಸ್ಟೆಲಿನ ಕಿಟಕಿಗಳಲ್ಲಿ ಸಾಲಾಗಿ ನಿಂತ ಆ ದೊಡ್ಡ ಡಬ್ಬಿಗಳನ್ನು ನೋಡಿದರೆ ಯಾರೂ ಅದನ್ನು ಓದಿದಂತಿಲ್ಲ. ಖಾಲಿಯಾದ ಮೇಲೆ ಆ ಡಬ್ಬಿ ಅವಲಕ್ಕಿ ತುಂಬಲು ಬಹಳ ಚೆನ್ನಾಗಿದೆ.

ಪರೀಕ್ಷೆಯ ವಾರಕ್ಕೆ ಎನರ್ಜಿ ಡ್ರಿಂಕು ಬರುತ್ತದೆ. 250 ಮಿಲಿಲೀಟರಿನ ಕ್ಯಾನಿನಲ್ಲಿ ಸುಮಾರು 75 ಮಿಲಿಗ್ರಾಮ್ ಕೆಫೀನು, ಜೊತೆಗೆ ಐದಾರು ಚಮಚ ಸಕ್ಕರೆ. ಕೆಫೀನಿನ ಅರ್ಧ ಭಾಗ ಮೈಯಿಂದ ಇಳಿಯಲು ಐದು ತಾಸು ಬೇಕು. ಹನ್ನೊಂದಕ್ಕೆ ಕುಡಿದವನಿಗೆ ಬೆಳಗಿನ ನಾಲ್ಕಕ್ಕೂ ಅರ್ಧ ಕ್ಯಾನು ಒಳಗೇ ಓಡಾಡುತ್ತಿರುತ್ತದೆ, ಓದಿದ್ದನ್ನು ನೆನಪಿನಲ್ಲಿ ಕೂರಿಸುವ ನಿದ್ದೆ ಬರುವುದಿಲ್ಲ. ಹಸಿವನ್ನು ದಣಿವು ಎಂದು ತಿಳಿದು ಇದನ್ನು ಕುಡಿಯುವವರೇ ಹೆಚ್ಚು. ಮೊದಲು ಏನಾದರೂ ತಿಂದು ನೋಡಲಿ.

ಇಷ್ಟೆಲ್ಲ ಹೇಳಿದರೂ ಹೊರೆಯನ್ನು ಹುಡುಗರ ಡಬ್ಬಿಯ ಮೇಲೆ ಮಾತ್ರ ಹಾಕುವುದು ನ್ಯಾಯವಲ್ಲ. ಮುಂಬಯಿಯ ದೊಡ್ಡ ಕಾಲೇಜುಗಳ ಹಾಸ್ಟೆಲಿನಲ್ಲಿ ವಿದ್ಯಾರ್ಥಿಗಳೇ ಇರುವ ಮೆಸ್ ಕಮಿಟಿ ಇರುತ್ತದೆ, ಕೆಲವು ಕಡೆ ರಾತ್ರಿಯ ಕ್ಯಾಂಟೀನೂ ಇದೆ. ಆ ಕ್ಯಾಂಟೀನಿನ ಬೋರ್ಡಿನ ಮೇಲೆ ಚೀಸ್ ಮ್ಯಾಗಿ, ಫ್ರೆಂಚ್ ಫ್ರೈ, ಕೋಲ್ಡ್ ಕಾಫಿ ಬರೆದಿರುತ್ತದೆ. ಬೇಯಿಸಿದ ಮೊಟ್ಟೆ, ಉಪ್ಪು ಹಾಕಿ ಬೇಯಿಸಿದ ಶೇಂಗಾ, ಮಡಕೆಯ ಉಸಳಿ, ಮೊಸರು, ಬಾಳೆಹಣ್ಣು ಇವನ್ನು ಮಾರಲು ಗುತ್ತಿಗೆದಾರನಿಗೆ ಹೊಸ ಒಲೆ ಬೇಕಿಲ್ಲ, ಹೊಸ ಅಡುಗೆಯವನೂ ಬೇಕಿಲ್ಲ. ಉಸಳಿಗಂತೂ ಮರಾಠಿ ಅಡುಗೆಯವನ ಕೈ ಮೊದಲೇ ಪಳಗಿದೆ. ಸಂಜೆಯ ತಿಂಡಿಯನ್ನು ಐದರಿಂದ ಆರೂವರೆಗೆ, ಊಟವನ್ನು ಎಂಟೂವರೆಯಿಂದ ಹತ್ತೂವರೆಯವರೆಗಿನ ಹೊತ್ತಿಗೆ ಸರಿಸಿದರೂ ಅರ್ಧ ಕೆಲಸ ಆದಂತೆಯೇ. ಅಡುಗೆಯವರ ಪಾಳಿಯ ಕಾರಣಕ್ಕೆ ಅದು ಕಷ್ಟ ಎನ್ನುತ್ತಾರೆ, ನಿಜ. ಹಾಗಿದ್ದರೆ ಕಡೇಪಕ್ಷ ಊಟದ ಕೊನೆಗೆ ಎರಡು ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ ಕೋಣೆಗೆ ಒಯ್ಯಲು ಬಿಡಲಿ. ಎಷ್ಟೋ ಮೆಸ್ಸುಗಳಲ್ಲಿ ಊಟವನ್ನು ಹೊರಗೆ ಒಯ್ಯುವುದಕ್ಕೆ ನಿಷೇಧವಿದೆ, ಬಾಳೆಹಣ್ಣನ್ನೂ ಅದರಲ್ಲೇ ಸೇರಿಸಿಬಿಟ್ಟಿದ್ದಾರೆ. ಗುತ್ತಿಗೆ ಹೊಸದಾಗುವಾಗ, ಸೆಮಿಸ್ಟರಿನ ಮೊದಲ ವಾರದಲ್ಲಿ ಮೆನು ಬರೆಯುವಾಗ ಕಮಿಟಿಯ ಸಭೆಗೆ ಸಾಮಾನ್ಯವಾಗಿ ನಾಲ್ಕೇ ಜನ ಹೋಗುತ್ತಾರೆ. ಐದನೆಯವರಾಗಿ ಹೋಗಿ ಕೇಳಬಹುದು.